ಕಾಲ್ ಬಿಡ್ರಿ!

“ಕಾಲ್ ಬಿಡ್ರೀ ಅಕ್ಕಾರ, ಕಾಲ್!” ನಮ್ಮ ಹಳೆಯ ಅಮೆರಿಕನ್ ಕಾರಿನ ಅಡಿಯಿಂದ ಗಡಹಿಂಗ್ಲಜದ ಮೆಕ್ಯಾನಿಕ್ ಭೀಮಪ್ಪ ಕಿರುಚಿದ. ಕ್ಲಚ್ಚಿನ ರಾಡು ಹೊಂದಿಸುತ್ತಿದ್ದವನ ಬೆರಳು ಸಿಕ್ಕಿಕೊಂಡಿತ್ತು. ಮೇಲೆ ಪೆಡಲ್ ತುಳಿದು ಕೂತಿದ್ದವಳು ನನ್ನ ಹೆಂಡತಿ. ಕೊಲ್ಹಾಪುರದಿಂದ ಆಗಷ್ಟೇ ಮದುವೆಯಾಗಿ ಬಂದಿದ್ದಳು, ಬರುತ್ತಿದ್ದದ್ದು ಮರಾಠಿಯೊಂದೇ. ಮರಾಠಿಯಲ್ಲಿ ‘ಕಾಲ್’ ಎಂದರೆ ನಿನ್ನೆ! “ಕಾಲ್ ನಾಹೀ ಓ, ಆತ್ತಾಚ್ ದಾಬಲಂಯ್!” ನಿನ್ನೆಯಲ್ಲ, ಈಗಲೇ ಒತ್ತಿದ್ದೇನೆ ಎನ್ನುತ್ತ ಇನ್ನಷ್ಟು ಜೋರಾಗಿ ತುಳಿದಳು. ನಾನು ಓಡಿಹೋಗಿ ಅವಳ ಮೊಣಕಾಲನ್ನೇ ಹಿಡಿದೆತ್ತಿದೆ. ಬೆರಳು ಉಳಿಯಿತು. ವಿಷಯ ತಿಳಿದ ಭೀಮಪ್ಪ ಕೈ ಜಾಡಿಸುತ್ತಲೇ ನಕ್ಕ.

ಈಗ ಅವಳ ಕನ್ನಡ ನನ್ನದಕ್ಕಿಂತ ಜೋರು. ಜಗಳವಾದ ಮರುದಿನ ನಾನು ಮುಖ ಊದಿಸಿಕೊಂಡು ಕೂತರೆ, ಚಹಾ ಮುಂದಿಟ್ಟು ಹೇಳುತ್ತಾಳೆ: “ಕಾಲ್ ಬಿಡ್ರಿ. ಗಾಡಿ ಮುಂದ ಹೋಗ್ಲಿ.”