ಬಾಲ್ಸಾ ಮರದ ಎರಡು ಅಲಗು

ಚಿಕೂನ್‌ಗುನ್ಯ ವಾಸಿಯಾಗಿ ಮೂರು ತಿಂಗಳಾದರೂ ನನ್ನ ಬೆರಳ ಗಿಣ್ಣುಗಳ ಊತ ಇಳಿದಿರಲಿಲ್ಲ. ಬ್ಯಾಂಕಿನಲ್ಲಿ ಸಹಿ ಹಾಕುವಾಗಲೂ ನೋವು. ಅದೇ ಬೆರಳುಗಳಿಂದ ನಾನು ಸಭಾಂಗಣದೊಳಗೆ ಹಾರಿಸುವ ಪುಟ್ಟ ವಿಮಾನಕ್ಕೆ ಪ್ರೊಪೆಲರ್ ಮಾಡಲು ಕೂತೆ. ತಿರುಚಿದ ರಬ್ಬರ್ ಎಳೆಯ ಬಲದಿಂದ ಹಾರುವ ವಿಮಾನ ಅದು. ಇಡೀ ವಿಮಾನ ಐದಾರು ಏಲಕ್ಕಿ ಕಾಯಿಯಷ್ಟೇ ತೂಕ.

ನಮ್ಮ ಮಾದರಿ ವಿಮಾನ ಕ್ಲಬ್ಬಿನ ಹಿರಿಯರೊಬ್ಬರು ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇರುವ ಕನ್ನಡದವರು. ನನ್ನ ಕೈ ನೋಡಿ, "ಯಾಕೆ ಮೇಡಂ ಇಷ್ಟು ಕಷ್ಟ? ರೆಡಿಮೇಡ್ ಪ್ಲಾಸ್ಟಿಕ್ ಪ್ರೊಪೆಲರ್ ಹಾಕ್ಬಿಡಿ, ಸ್ಪರ್ಧೆಯಲ್ಲಿ ಹೊಸಬರ ಜೊತೆ ಹಾರಿಸಿ. ಪೋದುಂ, ಸಾಕು" ಎಂದರು.

"ಸಾಕೋ ಬೇಕೋ ನಾನು ಹೇಳ್ತೀನಿ ಸಾರ್" ಎಂದೆ.

ಮೈಲಾಪೂರಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲೇ ಕೆಲಸ. ಬಾಲ್ಸಾ ಎಂಬ ಹಗುರ ಮರದ ತೆಳು ಹಾಳೆಯನ್ನು ಪ್ರೊಪೆಲರಿನ ಅಲಗಿನ ಆಕಾರಕ್ಕೆ ಕತ್ತರಿಸಿ, ಬಿಸಿನೀರಿನಲ್ಲಿ ನೆನೆಸಿ, ಡಬ್ಬಿಯೊಂದರ ಮೇಲೆ ಓರೆಯಾಗಿ ಇಟ್ಟು ಬ್ಯಾಂಡೇಜ್ ಬಟ್ಟೆ ಸುತ್ತಿ ಒಣಗಿಸಿದರೆ ಬೇಕಾದ ತಿರುಚು ಬರುತ್ತದೆ. ಆಮೇಲೆ ಮರಳುಕಾಗದದಿಂದ ಉಜ್ಜಿ ಉಜ್ಜಿ, ಬೆಳಕು ಹಾಯುವಷ್ಟು ತೆಳುವಾಗಿಸಬೇಕು. ಅಲ್ಲೇ ನನ್ನ ಬೆರಳು ಕೈಕೊಡುತ್ತಿತ್ತು. ಐದು ಅಲಗು ಮುರಿದವು. ಐದನೆಯದು ಮುರಿದಾಗ ಅಳು ಬಂತು.

"ಎದುಕ್ಕುಮ್ಮಾ ಇದೆಲ್ಲಾಂ?" ಇದೆಲ್ಲ ಯಾಕೆ ಎಂದು ಕೇಳಿದಳು ಮಗಳು. ನಾನು ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ತಮಿಳಿನಲ್ಲೇ.

"ನಂಗೆ ಬೇಕು, ಅದಕ್ಕೆ."

ಹಿಡಿಯಲು ಬಾರದ ಬೆರಳುಗಳನ್ನು ಬಿಟ್ಟು, ಮರಳುಕಾಗದವನ್ನು ಅಂಗೈಗೆ ಅಂಟಿಸಿಕೊಂಡು ಉಜ್ಜತೊಡಗಿದೆ. ನಿಧಾನವಾಯಿತು, ಆದರೆ ಮುರಿಯಲಿಲ್ಲ. ಎರಡು ಅಲಗುಗಳನ್ನೂ ಜೋಡಿಸಿ ಸೂಜಿಯ ಮೇಲೆ ತೂಗಿದೆ. ಕೆಳಗೆ ವಾಲಿದ್ದನ್ನು ಮತ್ತಷ್ಟು ಉಜ್ಜಿದೆ. ಕೊನೆಗೆ ಎರಡೂ ಸಮನಾಗಿ ನಿಂತವು.

ಸ್ಪರ್ಧೆಯ ದಿನ ನನ್ನ ಹೆಸರು ಹೊಸಬರ ಪಟ್ಟಿಯಲ್ಲಿತ್ತು. ಹಿರಿಯರ ಎದುರೇ ಅದನ್ನು ಹೊಡೆದುಹಾಕಿ, ನುರಿತವರು ಹಾರಿಸುವ ಮುಕ್ತ ವಿಭಾಗದಲ್ಲಿ ಬರೆದೆ. ಗಾಳಿ ಆಡಬಾರದೆಂದು ಸಭಾಂಗಣದ ಕಿಟಕಿ ಮುಚ್ಚಿ ಫ್ಯಾನ್ ಆರಿಸಿದ್ದರು. ಎಲ್ಲರ ಬೆನ್ನೂ ಬೆವರಿನಿಂದ ತೊಯ್ದಿತ್ತು. ವಿಮಾನ ಬಿಟ್ಟೆ. ಅಲಗುಗಳು ಒಂದೊಂದು ಸುತ್ತನ್ನೂ ಎಣಿಸಬಹುದಾದಷ್ಟು ನಿಧಾನವಾಗಿ ತಿರುಗುತ್ತ ಅದನ್ನು ಸೂರಿನವರೆಗೆ ಕೊಂಡೊಯ್ದವು. ಅದು ಏಳು ನಿಮಿಷ ಇಳಿಯಲೇ ಇಲ್ಲ.

ನನಗೆ ನಾಲ್ಕನೆಯ ಸ್ಥಾನ. ಪದಕವಿಲ್ಲ.

"ಆ ಕೈಗೆ ಏಳು ನಿಮಿಷ ದೊಡ್ಡದು ಮೇಡಂ" ಎಂದರು ಹಿರಿಯರು.

"ಯಾವ ಕೈಗಾದ್ರೂ ದೊಡ್ಡದೇ ಸಾರ್" ಎಂದೆ.

ಮನೆಗೆ ಮರಳುವಾಗ ಎಂಆರ್‌ಟಿಎಸ್ ರೈಲಿನಲ್ಲಿ ನೂಕುನುಗ್ಗಲು. ವಿಮಾನದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಮೊಣಕೈ ಅಗಲಿಸಿ ಕೂತೆ. ಪೆಟ್ಟಿಗೆಯ ಮೇಲೆ ಯಾರೂ ಒರಗಲಿಲ್ಲ.