ಕೊಕ್ಕರೆ ನನ್ನದು, ನೀರುಕಾಗೆ ಅವಳದು

ಅಕ್ಕನ ಎರಡೂ ಮೊಳಕೈ ಕಪ್ಪಾಗಿ, ಒಡೆದು, ಒಂಟೆಯ ಮೊಣಕಾಲಿನಂತೆ ಒರಟಾಗಿದ್ದವು. ಮಾಳಿಗೆಯ ಮೋಟುಗೋಡೆಯ ಮೇಲೆ ಅವನ್ನು ಊರಿ, ಹೈದರಾಬಾದಿನ ಮೂಸಿ ನದಿಯನ್ನು ನೋಡುತ್ತ ನಿಂತೂ ನಿಂತೂ ಹಾಗಾಗಿದ್ದು. ನಾನು ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸದವನು. ಕಬ್ಬಿಣ ಹಿಡಿದ ನನ್ನ ಅಂಗೈಯೂ ಅಷ್ಟು ಗಟ್ಟಿಯಾಗಿಲ್ಲ.

ನಾವು ಯಾದಗಿರಿ ಕಡೆಯವರು. ಅಪ್ಪ ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಬಂದವನು ನದಿ ಪಕ್ಕದ ಗಲ್ಲಿಯಲ್ಲಿ ನೆಲೆ ನಿಂತ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟೆ. ಗಂಡ ತೀರಿದ ಮೇಲೆ ಅಕ್ಕ ಮಗಳ ಜೊತೆ ನಮ್ಮಲ್ಲಿಗೇ ಬಂದಳು. ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಕೂಲಿಯವರಿಗೆ ಮಾರುತ್ತಿದ್ದಳು. ಮೂಸಿ ನಾರುತ್ತದೆ ಎಂದು ಗಲ್ಲಿಯವರೆಲ್ಲ ನದಿಯ ಕಡೆಯ ಕಿಟಕಿ ಮುಚ್ಚಿಕೊಂಡಿದ್ದರೆ, ಇವಳು ಭಾನುವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಹಕ್ಕಿ ನೋಡಲು ಮಾಳಿಗೆಗೆ ಅಟ್ಟುತ್ತಿದ್ದಳು.

ಒಬ್ಬೊಬ್ಬರಿಗೆ ಒಂದೊಂದು ಹಕ್ಕಿ ಹಂಚಿದ್ದಳು. ಅವ್ವನಿಗೆ ಬೆಳ್ಳಕ್ಕಿ. ಮಗಳಿಗೆ ಮನೆ ಹಿಂದಿನ ಕರೆಂಟ್ ತಂತಿಯ ಮೇಲೆ ಕೂರುವ ಮಿಂಚುಳ್ಳಿ. ತನಗೆ ನೀರುಕಾಗೆ. ಅದು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿಯುವುದನ್ನು ನೋಡಿ, ಒದ್ದೆ ಬಟ್ಟೆ ಹರವುವವಳು ತಾನೊಬ್ಬಳೇ ಅಲ್ಲವಲ್ಲ ಎಂದು ನಗುತ್ತಿದ್ದಳು. ನನಗೆ ನದಿಯ ಮರಳುದಿಬ್ಬದ ಮೇಲೆ ನಿಲ್ಲುವ ಬಣ್ಣದ ಕೊಕ್ಕರೆ. "ನೀನೂ ಉದ್ದ, ಅದೂ ಉದ್ದ. ಇಬ್ರೂ ನಿಂತಲ್ಲೇ ನಿಂತಿರ್ತೀರಿ, ಬಾಯಿ ಬಿಡಂಗಿಲ್ಲ," ಅಂದಿದ್ದಳು.

ಕಟ್ಟಳೆ ಸರಳವಾಗಿತ್ತು. ತನ್ನ ಹಕ್ಕಿಯನ್ನು ತಾನೇ ನೋಡಿ, ಇಳಿದು ಬಂದು ಹೇಳಬೇಕು. ಕಂಡವರಿಗೆ ಸಕ್ಕರೆ ಹಾಕಿದ ಚಹಾ, ಕಾಣದವರಿಗೆ ಸಪ್ಪೆ ಚಹಾ. ಇನ್ನೊಬ್ಬರ ಹಕ್ಕಿಯ ಸುದ್ದಿ ಯಾರೂ ಎತ್ತಬಾರದು. ಅವರವರು ಹೇಳಿದ್ದೇ ಖರೆ.

ಅಕ್ಕ ಮೆತ್ತಗಿನ ಹೆಂಗಸೇನೂ ಅಲ್ಲ. ಒಮ್ಮೆ ಕೋಳಿ ಅಂಗಡಿಗಳ ಕಸವನ್ನು ಆಟೋದಲ್ಲಿ ತಂದು ನಮ್ಮ ದಂಡೆಯಲ್ಲಿ ಸುರಿಯತೊಡಗಿದರು. ಇವಳು ಒಲೆ, ಹಂಚು, ಹಿಟ್ಟಿನ ಪರಾತ ಎಲ್ಲವನ್ನೂ ಹೊತ್ತು ಗಲ್ಲಿಯ ನಡುವೆಯೇ ಕೂತು ರೊಟ್ಟಿ ಬಡಿಯಲು ಶುರು ಮಾಡಿದಳು. ಆಟೋದವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ಅವನಿಗೂ ಒಂದು ರೊಟ್ಟಿ ಕೊಟ್ಟು, ಇನ್ನೊಮ್ಮೆ ಬಂದರೆ ಹಂಚು ನಿನ್ನ ಸೀಟಿನ ಮೇಲೆ ಇಡುತ್ತೇನೆ ಎಂದಳು. ಆಮೇಲೆ ಆಟೋ ಬರಲಿಲ್ಲ.

ಅವ್ವ ಹೋದಳು. ಅಕ್ಕನಿಗೆ ಶುಗರ್ ಏರಿ ಕಣ್ಣು ಮಂಜಾಯಿತು. ದೂರದ್ದು ಬರೀ ಬೆಳಕು, ನೆರಳು. ಅಕ್ಕನ ಮಗಳು, ನನ್ನ ಸೊಸೆ, ಭಾನುವಾರವೂ ದಿಲ್‌ಸುಖ್‌ನಗರದ ಕೋಚಿಂಗಿಗೆ ಓಡುತ್ತಿದ್ದಳು. ಹೋಗುವ ಅವಸರದಲ್ಲೇ ತಂತಿಯ ಮೇಲೆ ಕಣ್ಣಾಡಿಸಿ ಹೇಳಿ ಹೋಗುತ್ತಿದ್ದಳು. ಅಕ್ಕ ಒಲೆಯ ಬಳಿ ಕೂತು ನನ್ನನ್ನು ಕೇಳುತ್ತಿದ್ದಳು, "ಬಂತೇನೋ ತಮ್ಮಾ?" ನಾನು ಹಾಸಿಗೆಯಿಂದ ಏಳದೆಯೇ "ಬಂದೈತಿ ಅಕ್ಕಾ" ಅನ್ನುತ್ತಿದ್ದೆ. ಮೆಟ್ಟಿಲು ಹತ್ತಲು ಸೋಮಾರಿತನ, ಸಕ್ಕರೆ ಚಹಾದ ಆಸೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನ್ನಲ್ಲಿಲ್ಲ.

ಅದೇ ಹೊತ್ತಿಗೆ ದಂಡೆಗೆ ಟ್ರ್ಯಾಕ್ಟರುಗಳು ಬರತೊಡಗಿದ್ದವು. ಒಡೆದ ಮನೆಗಳ ಇಟ್ಟಿಗೆ, ಸಿಮೆಂಟಿನ ಗಡ್ಡೆ. ತಡೆಗೋಡೆಗೆ ಅಂತ ಯಾರೋ ಹೇಳಿದರು. ಅಕ್ಕ ಸದ್ದು ಕೇಳಿ ಕಿವಿ ನಿಮಿರಿಸುತ್ತಿದ್ದಳು, ಆಮೇಲೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು: ಕೊಕ್ಕರೆ ಬಂದು ನಿಂತಿದೆ ಅಂದರೆ ದಿಬ್ಬ ಉಳಿದಿದೆ. ನನ್ನ ಸುಳ್ಳೇ ಅವಳ ಕಣ್ಣಾಗಿತ್ತು.

ಒಂದು ದಿನ ಮಣ್ಣು ನಮ್ಮ ಗೋಡೆಯ ಬುಡಕ್ಕೇ ಬಿದ್ದು ಮನೆ ಅದುರಿತು. ಅಕ್ಕ ನನ್ನ ಕೈ ಹಿಡಿದು ದಂಡೆಗೆ ನಡೆದಳು. ಟ್ರ್ಯಾಕ್ಟರ್ ಮುಂದೆ ನಿಂತು, ಇಲ್ಲಿ ಕೊಕ್ಕರೆಗಳು ನಿಲ್ಲುತ್ತವೆ, ಇನ್ನೊಂದು ಬುಟ್ಟಿ ಮಣ್ಣು ಸುರಿಯಬೇಡಿ ಎಂದು ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿದಳು. ಅವಳು ಕೈ ಮಾಡಿದ ಕಡೆ ಮರಳುದಿಬ್ಬವೇ ಇರಲಿಲ್ಲ. ಇಟ್ಟಿಗೆಯ ಗುಡ್ಡೆ ನೀರಿನ ನಡುವಿನವರೆಗೂ ಹೋಗಿತ್ತು. ನಾನೂ ಅವತ್ತೇ ನೋಡಿದ್ದು.

ಲೋಡಿನ ಲೆಕ್ಕ ಬರೆಯುತ್ತ ನಿಂತಿದ್ದ ಗುತ್ತಿಗೆದಾರನ ಮುನ್ಷಿ ನಕ್ಕ. "ಕಿಧರ್ ಹೈ ಅಮ್ಮಾ ಕೊಕ್ಕರೆ? ಜರಾ ಹಮ್ಕೋ ಭೀ ದಿಖಾವ್." ಎಲ್ಲಿದೆ, ನಮಗೂ ತೋರಿಸು ಎಂಬ ಆ ಮಾತಿಗೆ ಟ್ರ್ಯಾಕ್ಟರಿನ ಹುಡುಗರೆಲ್ಲ ನಕ್ಕರು.

"ನನ್ನ ತಮ್ಮ ವಾರಾ ವಾರಾ ನೋಡ್ತಾನ. ಅವನ್ನ ಕೇಳ್ರಿ," ಅಂದಳು ಅಕ್ಕ.

ಎಲ್ಲರೂ ನನ್ನ ಕಡೆ ತಿರುಗಿದರು. ಆ ಮುನ್ಷಿಯ ಸೈಟಿನಲ್ಲಿ ನಾನು ಕೆಲಸ ಮಾಡಿದ್ದೆ. ನಾನು ತೆಲುಗಿನಲ್ಲಿ ಹೇಳಿದೆ: ಅವಳಿಗೆ ಕಣ್ಣು ಕಾಣುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅವಳಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. ನನ್ನ ಕೈ ಬಿಟ್ಟಳು. ಗೋಡೆ ತಡವಿಕೊಂಡು ಒಬ್ಬಳೇ ಮನೆಗೆ ಹೋದಳು. ಇದನ್ನು ಬರೆಯುವಾಗ ಆ ಮುನ್ಷಿಯ ಹಲ್ಲು ಮುರಿಯಬೇಕು ಅನಿಸುತ್ತದೆ. ಆದರೆ ಮೊದಲು ಮುರಿಯಬೇಕಾದವು ನನ್ನವು.

ಆ ಭಾನುವಾರ ಮತ್ತೆ ಕೇಳಿದಳು, ಬಂತೇನು ಎಂದು. ಬಂದಿಲ್ಲ ಅಂದೆ. ಯಾವಾಗಿನಿಂದ ಎಂದಳು. ಗೊತ್ತಿಲ್ಲ, ನಾನು ನೋಡೇ ಇಲ್ಲ ಅಂದೆ. ಸ್ವಲ್ಪ ಹೊತ್ತು ಹಿಟ್ಟು ನಾದಿದಳು.

"ಬಂದಿಲ್ಲ ಅಂತ ಅವತ್ತೇ ಹೇಳಿದ್ರ ಅವತ್ತೇ ಒಲಿ ಹೊತ್ಕೊಂಡು ಹೋಗಿ ಕುಂದರ್ತಿದ್ದೆ. ಬುಟ್ಟಿ ಮಣ್ಣಿದ್ದಾಗ ತಡೀಬೇಕಿತ್ತು. ಈಗ ಗುಡ್ಡ ಆಗೈತಿ."

ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಚಹಾ ಸೋಸಿ, ಸಕ್ಕರೆ ಹಾಕಿಯೇ ಕೊಟ್ಟಳು. ಆ ಸಕ್ಕರೆಗಾಗಿ ನನಗೆ ಅವಳ ಮೇಲೆ ಇಂದಿಗೂ ಸಿಟ್ಟಿದೆ. ಸಪ್ಪೆ ಚಹಾ ಕೊಟ್ಟಿದ್ದರೆ ನಾನಿನ್ನೂ ಆ ಕಟ್ಟಳೆಯೊಳಗೇ ಇದ್ದೇನೆ ಅಂದುಕೊಳ್ಳುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಅವಳ ಕಾಲಿಗೆ ಆದ ಗಾಯ ಶುಗರಿನಿಂದ ಮಾಯದೆ ಕೊಳೆತು ಮೇಲಕ್ಕೇರಿತು. ದವಾಖಾನೆಯಿಂದ ತಿರುಗಿ ಬರಲಿಲ್ಲ.

ಈಗ ಆ ಗುಡ್ಡೆಯನ್ನು ಸಪಾಟು ಮಾಡಿ ಕಾರು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಎದ್ದ ಅಪಾರ್ಟ್‌ಮೆಂಟಿಗೆ, ಕಿಟಕಿಯಿಂದ ನದಿ ಕಾಣುವ ಮನೆಗಳು ಎಂದು ಬೋರ್ಡು ಹಾಕಿದ್ದಾರೆ. ಅದನ್ನು ಓದಿದಾಗಲೆಲ್ಲ ಕಲ್ಲು ಬೀಸಲು ಕೈ ತುರಿಸುತ್ತದೆ. ಭಾನುವಾರ ಮಾಳಿಗೆ ಹತ್ತಿ ಬಹಳ ಹೊತ್ತು ನಿಲ್ಲುತ್ತೇನೆ. ಕೆಳಗಿನಿಂದ ಸೊಸೆ ಕೇಳುತ್ತಾಳೆ, "ಮಾಮಾ, ಬಂತೇನ್ರಿ?" ಬಂದಿಲ್ಲ ಅನ್ನುತ್ತೇನೆ. ಸಪ್ಪೆ ಚಹಾ ಕೊಡುತ್ತಾಳೆ.

ಹೋದ ವಾರ ಗುಡ್ಡೆಯ ಅಂಚಿನಲ್ಲಿ, ಸಿಮೆಂಟಿನಿಂದ ಚಾಚಿಕೊಂಡ ಕಬ್ಬಿಣದ ಸರಳಿನ ಮೇಲೆ ಒಂದು ನೀರುಕಾಗೆ ಕೂತಿತ್ತು. ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿತ್ತು. ಅದು ಹಾರಿಹೋಗುವ ತನಕ ನೋಡಿದೆ. ಕೆಳಗಿಳಿದು ಬಂದು ಯಾರಿಗೂ ಹೇಳಲಿಲ್ಲ. ಆ ಹಕ್ಕಿ ನನ್ನದಲ್ಲ.