ಇಂಜಿನ್ ಮೇಲೆ ಹಚ್ಚಿದ ಕರ್ಪೂರ

ಒಂದು ಬಿಲ್ಲೆ ಕರ್ಪೂರ ನನಗೆ ನಾಲ್ಕು ಸಾವಿರದ ಬಿಲ್ ತೋರಿಸಿತು. ಕೊನೆಗೆ ನಾನು ಕೊಟ್ಟದ್ದು ನೂರೈವತ್ತು. ಹೇಗೆ ಅಂತೀರಾ?

ಹೋದ ವಾರ ಆಯುಧಪೂಜೆ. ಹಳೆಯ ಜೀಪಿದ್ದಾಗ ಬಾನೆಟ್ ಎತ್ತಿ ಇಂಜಿನ್ನಿನ ಕಬ್ಬಿಣದ ಮೇಲೇ ಕರ್ಪೂರ ಹಚ್ಚುತ್ತಿದ್ದೆ. ಹದಿನೈದು ವರ್ಷದ ಅಭ್ಯಾಸ. ಈ ಸಲ ಜೀಪು ಮಾರಿ, ಕೂಡಿಟ್ಟದ್ದನ್ನೆಲ್ಲ ಸೇರಿಸಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಬಾನೆಟ್ ಎತ್ತಿದರೆ ಇಂಜಿನ್ ಮೇಲೆ ಕಪ್ಪಗೆ ಮಿರಮಿರ ಹೊಳೆಯುವ ಕವರ್. (ಕೊಳ್ಳುವಾಗ ಅದನ್ನು ನೋಡಿಯೇ ಮರುಳಾಗಿದ್ದೆ.) ಅದರ ಮೇಲೆ ಕುಂಕುಮ, ಹೂವು, ಕರ್ಪೂರ.

ಗಂಟೆ ಬಾರಿಸುತ್ತಿದ್ದ ಹೆಂಡತಿ ನಿಲ್ಲಿಸಿದಳು. "ರೀ, ಏನೋ ಸುಟ್ಟ ವಾಸ್ನೆ!"

ಕವರ್ ಪ್ಲಾಸ್ಟಿಕ್ಕಿನದು! ಅಂಗೈಯಗಲ ತೂತು. ಕೆಳಗಿನಿಂದ ಹೊಗೆ. ಒದ್ದೆ ಗೋಣಿಚೀಲ ಹೊದಿಸಿ ಆರಿಸಿದೆ. "ಜೀಪ್ ಮಾರ್ಬೇಡಿ ಅಂತ ಬಡ್ಕೊಂಡೆ" ಎಂದಳು.

ಶೋರೂಮಿಗೆ ಫೋನ್ ಮಾಡಿದೆ. "ಸ್ಟಾರ್ಟ್ ಮಾಡ್ಬೇಡಿ ಸಾರ್. ಕವರ್ರಿಗೇ ನಾಲ್ಕು ಸಾವ್ರ. ಒಳಗೆ ಇಂಜಿನ್ ಏನಾಗಿದ್ಯೋ, ಬಿಚ್ಚಿದ್ ಮೇಲೆ ಹೇಳ್ತೀವಿ."

ಮರುದಿನ ಕುಣಿಗಲ್‌ಗೆ ಹೋಗಬೇಕಿದೆ ಎಂದು ಹೇಳಿ, ಗುಬ್ಬಿ ಗೇಟಿನಿಂದ ಅನ್ವರ್ ಸಾಬರನ್ನು ಕರೆಸಿದೆ. ನನ್ನ ಜೀಪನ್ನು ಅಷ್ಟು ವರ್ಷ ಸಾಕಿದ ಮೆಕ್ಯಾನಿಕ್. ಅವರು ಸ್ಪ್ಯಾನರ್ ಕೂಡ ತೆಗೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದರು. ಟಪ್ ಅಂತ ಕವರ್ ಪೂರಾ ಕೈಗೆ ಬಂತು!

"ಅಯ್ಯೋ, ಮುರಿದ್ರಾ?"

"ಇದು ಕುಲಾವಿ ಸ್ವಾಮಿ. ಕುಲಾವಿ ಸುಟ್ಟೈತೆ, ಕೂಸು ಚೆನ್ನಾಗೈತೆ."

ಕೆಳಗೆ ನಮ್ಮ ಹಳೆಯ ನೆಂಟನಂಥ ಕಬ್ಬಿಣ. ಅಂಟಿದ್ದ ಪ್ಲಾಸ್ಟಿಕ್ಕನ್ನು ಕೆರೆದು ತೆಗೆದರು. ಆಮೇಲೆ ಬೆರಳಿಟ್ಟು ತೋರಿಸಿದರು: ನೀರಿನ ಪೈಪಿನ ಕ್ಲಿಪ್ ಸಡಿಲ, ಸುತ್ತ ಒಣಗಿದ ಕಲೆ. "ನಾಳೆ ಕುಣಿಗಲ್‌ಗೆ ಹೊಂಟಿದ್ರಲ್ಲ? ನೀರೆಲ್ಲ ಸೋರಿ, ದಾರೀಲೇ ಇಂಜಿನ್ ಕಾದು ಹಿಡ್ಕೊಂಡು ನಿಂತೋಗ್ತಿತ್ತು."

ಅವರು ಕ್ಲಿಪ್ ಬಿಗಿಮಾಡಿ ನೀರು ತುಂಬಿಸಿದರು. ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಹೆಂಡತಿ ಮತ್ತೆ ಗಂಟೆ ಬಾರಿಸಿದಳು!

ಸಾಬರು ಇನ್ನೂರು ಕೇಳಿದರು, ನಾನು ನೂರೆಂದೆ. "ಇಂಜಿನ್ ಉಳ್ಸಿದೀನಿ, ನೂರಕ್ಕೆ ಕುಲಾವೀನೂ ಬರಲ್ಲ!" ನೂರೈವತ್ತಕ್ಕೆ ನಿಂತಿತು. ಕವರ್ ಇಲ್ಲದೆಯೇ ಕುಣಿಗಲ್‌ಗೆ ಹೋಗಿಬಂದೆ. ಸದ್ದು ಕೊಂಚ ಜಾಸ್ತಿ, ಅಷ್ಟೆ.

ಅದಕ್ಕೇ ಹೇಳುತ್ತೇನೆ, ಹಳೆಯ ಕಾರು ಕೊಳ್ಳುವಾಗ ಬಾನೆಟ್ ಎತ್ತಿಸಿ ಸುಮ್ಮನಾಗಬೇಡಿ, ಕವರ್ರನ್ನೂ ತೆಗೆಸಿ. ಮಾರುವವನು ಹಿಂದೆಮುಂದೆ ನೋಡಿದರೆ ಅಲ್ಲೇ ರೇಟು ಇಳಿಸಿ. ಕರ್ಪೂರ ತಟ್ಟೆಯಲ್ಲಿರಲಿ, ಕಾರಿನ ಮುಂದೆ ನಿಂತು ಬೆಳಗಿ. ಬಾನೆಟ್ ಮುಚ್ಚಿದ್ದರೂ ದೇವರಿಗೆ ಒಳಗಿರುವುದು ಕಾಣುತ್ತದೆ. ದುಡ್ಡು ಕೊಡುವ ನಿಮಗೆ?